ಸೂಲಗಿತ್ತಿಯ ಮನೆಯ ಗೋಡೆ

ಮಧ್ಯಾಹ್ನದ ಬಸ್ಸು ಬಂದು ನಿಂತ ಸದ್ದು ಕೇಳಿದ ಕೂಡಲೇ ಹೊಲಿಗೆಯಕ್ಕ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಇನ್ನು ಸ್ವಲ್ಪ ಹೊತ್ತು ಹೊಲಿಯುವುದರಲ್ಲಿ ಅರ್ಥವಿಲ್ಲ. ಮೊದಲು ಬಸ್ಸಿನ ಬಾಗಿಲು ಬಡಿಯುವ ಸದ್ದು, ಆಮೇಲೆ ಚಪ್ಪಲಿಗಳ ಸದ್ದು, ಆಮೇಲೆ ಹಿಂದಿನ ಕೋಣೆಯ ಗೋಡೆಯ ಆ ಕಡೆ ಗಂಡಸರು ಸಾಲಾಗಿ ನಿಂತು ಸುರಿಯುವ ಸದ್ದು. ಜೊತೆಗೆ ಮಾತು ಬೇರೆ. ಗೋಡೆಗೆ ಮುಖ ಮಾಡಿ ನಿಂತ ಗಂಡಸರಿಗೆ ಅದೆಲ್ಲಿಂದ ಅಷ್ಟು ಮಾತು ಬರುತ್ತದೋ! ಡೀಸೆಲ್ ಬೆಲೆ ಏರಿದ್ದು, ಮಳೆ ಕೈಕೊಟ್ಟದ್ದು, ಯಾರದೋ ಮಗಳು ಯಾರ ಜೊತೆಗೋ ಹೋದದ್ದು, ಎಲ್ಲವನ್ನೂ ಅಲ್ಲಿಯೇ ಹರಟಿ, ಕೊನೆಗೊಮ್ಮೆ ಕ್ಯಾಕರಿಸಿ ಉಗಿದು ಹೋಗುತ್ತಿದ್ದರು.

ಗೋಡೆಯ ಈ ಕಡೆ ಮಂಚದ ಮೇಲೆ ಅವಳ ಅತ್ತೆ ಮಲಗಿದ್ದಳು. ಅವಳಿಗೂ ಆ ಗಂಡಸರಿಗೂ ನಡುವೆ ಇದ್ದದ್ದು ಒಂದು ಗೇಣು ದಪ್ಪದ ಮಣ್ಣು, ಅಷ್ಟೇ.

ಊರು ಅಂದರೆ ಹೇಳಿಕೊಳ್ಳುವಂಥ ಊರೇನಲ್ಲ. ನಾಲ್ಕು ರಸ್ತೆ ಸೇರುವ ಒಂದು ಜಾಗ. ಒಂದು ರಸ್ತೆ ಪಟ್ಟಣದಿಂದ ಬರುತ್ತದೆ, ಒಂದು ಕಲ್ಲುಕ್ವಾರಿಗೆ ಹೋಗುತ್ತದೆ, ಒಂದು ಹೊಳೆ ದಾಟಿ ಆಚೆ ಸೀಮೆಗೆ, ನಾಲ್ಕನೆಯದು ಹೊಲಗಳ ನಡುವೆ ಸ್ವಲ್ಪ ದೂರ ಹೋಗಿ, ಮನಸ್ಸು ಬದಲಾಯಿಸಿದಂತೆ ಕಾಲುದಾರಿಯಾಗಿಬಿಡುತ್ತದೆ. ಸುತ್ತ ಒಂದಿಷ್ಟು ಮನೆ, ಒಂದು ಬೇಕರಿ, ಒಂದು ಪಂಚರ್ ಅಂಗಡಿ, ಒಂದು ಚಹಾ ಅಂಗಡಿ, ಗ್ರಾಮ ಸಮಿತಿಯ ಅಧ್ಯಕ್ಷನ ಗೊಬ್ಬರದ ಅಂಗಡಿ, ರಸ್ತೆಗೆ ಮುಖ ಮಾಡಿದ ಹೊಲಿಗೆಯಕ್ಕನ ಮುಂದಿನ ಕೋಣೆ. ಇಲ್ಲಿಗೆಂದೇ ಬರುವವರು ಯಾರೂ ಇಲ್ಲ. ಎಲ್ಲರೂ ಇನ್ನೆಲ್ಲಿಗೋ ಹೋಗುವವರು. ಇಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಾರೆ. ಕಾಯುವಾಗ ಚಹಾ ಕುಡಿಯುತ್ತಾರೆ. ಕುಡಿದದ್ದನ್ನು ಎಲ್ಲಿ ಬಿಡುವುದು ಎಂದು ಊರು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಹೆಂಗಸರು ತುಟಿ ಕಚ್ಚಿಕೊಂಡು ಬಸ್ಸಿನಲ್ಲೇ ಕೂರುತ್ತಿದ್ದರು, ಇಲ್ಲವೇ ಸಂಕೋಚದಿಂದ ಹೊಲಿಗೆಯಕ್ಕನ ಬಾಗಿಲು ತಟ್ಟುತ್ತಿದ್ದರು. ಅವಳು ಯಾರಿಗೂ ಇಲ್ಲ ಅಂದವಳಲ್ಲ. ಗಂಡಸರು ಮಾತ್ರ ಬಾಗಿಲು ತಟ್ಟುವಷ್ಟು ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಅತ್ತೆ ಸೂಲಗಿತ್ತಿ. ಸುತ್ತಮುತ್ತಲಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಅಂಗೈಗೆ. ಈಗ ಕಾಲು ಬಿದ್ದುಹೋಗಿತ್ತು, ಕಣ್ಣು ಮಬ್ಬಾಗಿತ್ತು, ಮೂಗೊಂದು ಮಾತ್ರ ಚುರುಕಾಗಿ ಉಳಿದಿತ್ತು. ಆ ಮೂಗೇ ಅವಳ ಕಸುಬಿನ ಬಂಡವಾಳ. ಬಾಣಂತಿಯ ಕೋಣೆಗೆ ಕಾಲಿಟ್ಟ ಕೂಡಲೇ ಉಸಿರೆಳೆದು, ಜ್ವರ ಬರುವುದಿದ್ದರೆ ಬರುವ ಮುಂಚೆಯೇ ಹೇಳುತ್ತಿದ್ದಳಂತೆ. ಹೆರಿಗೆಗೆ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುವಳು. ನೀರು ಕಾಯಿಸುವವಳಿರಲಿ, ಹೆರುವವಳ ತಾಯಿಯೇ ಇರಲಿ, "ಕೈ ತೋರ್ಸು" ಅಂತ ಹಿಡಿದು ಮೂಸುವಳು. ವಾಸನೆ ಇದ್ದರೆ, "ಇನ್ನೊಂದ್ಸಲ ತೊಳ್ಕೊಂಡು ಬಾ." ಎಷ್ಟೇ ದೊಡ್ಡ ಮನೆಯವರಾದರೂ ಆ ಮಾತಿಗೆ ಎದುರಾಡುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಹೊಲಿಗೆಯಕ್ಕನಿಗೆ ಅತ್ತೆ ಆಡಿದ ಮೊದಲ ಮಾತೂ ಅದೇ. ಹೊಸ ಸೊಸೆ ಅವಮಾನದಿಂದ ಕೆಂಪಾಗಿ ಹೋಗಿ ಕೈ ತೊಳೆದು ಬಂದಿದ್ದಳು. ಈಗ ನೆನೆದರೆ ನಗು ಬರುತ್ತದೆ. ಆಮೇಲೆ ಆ ಮನೆಯಲ್ಲಿ ಅವಳಿಗೆ ಗಂಡನಿಗಿಂತ ಹೆಚ್ಚು ಹತ್ತಿರವಾದವಳು ಆ ಮುದುಕಿಯೇ.

ಪಟ್ಟಣದ ಡಾಕ್ಟರು ಬಂದು ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, ಹೊರಗೆ ಬಂದು ತಲೆಯಾಡಿಸಿ ಹೋದ ಮೇಲೆ ಅತ್ತೆ ಸೊಸೆಯನ್ನು ಕರೆದು ಮಂಚದ ಅಂಚಿಗೆ ಕೂರಿಸಿಕೊಂಡಳು.

"ಏನಂದ್ರು ಅಂತ ನೀ ಹೇಳ್ಬೇಡ, ನಂಗೊತ್ತು. ಸಾಯೋದಕ್ಕೆ ಹೆದರಿಕೆ ಇಲ್ಲ ಕಣೆ. ಆದ್ರೆ ಈ ನಾತ ಮೂಗಲ್ಲಿಟ್ಕೊಂಡು ಸಾಯಕ್ಕಾಗಲ್ಲ. ಎಷ್ಟೋ ಮಕ್ಕಳಿಗೆ ಮೊದಲ ಉಸಿರು ಚೊಕ್ಕವಾಗಿ ಎಳೆಸಿದೀನಿ. ನನ್ನ ಕೊನೇದು ಉಚ್ಚೆ ವಾಸನೇಲಿ ಆಗ್ಬೇಕಾ?"

"ಆಗಲ್ಲ ಅತ್ತೆ. ನಾನಿದೀನಲ್ಲ," ಎಂದಳು ಹೊಲಿಗೆಯಕ್ಕ. ಅಂದುಬಿಟ್ಟಳು, ಅಷ್ಟೇ. ಅದು ಎಷ್ಟು ಕಷ್ಟದ ಮಾತು ಅಂತ ಅವಳಿಗೆ ಆಗ ಗೊತ್ತಿರಲಿಲ್ಲ.

ಮೊದಲು ಅತ್ತೆಯನ್ನು ಮುಂದಿನ ಕೋಣೆಗೆ ತಂದು ಮಲಗಿಸಿ ನೋಡಿದಳು. ಲಾರಿಗಳ ಧೂಳು, ಹೊಗೆ, ಕೆಮ್ಮು. ಅಳತೆ ಕೊಡಲು ಬಂದವರ ಎದುರಿಗೆ ಮುದುಕಿಯ ಬಟ್ಟೆ ಬದಲಿಸುವುದು ಹೇಗೆ? ಅತ್ತೆ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ದಿನವಿಡೀ ಬಿಗಿಹಿಡಿದು ಮಲಗುತ್ತಿದ್ದಳು. ಹೊರಗೆ ರಾಜಾರೋಷವಾಗಿ ನಿಂತು ಬಿಡುವವರು ಅಷ್ಟು ಜನ, ಒಳಗೆ ಹಾಸಿಗೆ ಹಿಡಿದ ಮುದುಕಿಗೆ ನಾಚಿಕೆ. ಇದನ್ನು ಯೋಚಿಸಿದಾಗೆಲ್ಲ ಹೊಲಿಗೆಯಕ್ಕನಿಗೆ ಮೈ ಉರಿಯುತ್ತಿತ್ತು. ಕೊನೆಗೆ ಅತ್ತೆಯೇ, "ನನ್ನ ಜಾಗಕ್ಕೇ ಕರ್ಕೊಂಡ್ಹೋಗು," ಎಂದಳು.

ಆಮೇಲೆ ಶುರುವಾಯಿತು ಗೋಡೆಯ ಜೊತೆ ಹೊಲಿಗೆಯಕ್ಕನ ಜಟಾಪಟಿ. ಮೊದಲು ಬೈದಳು. ಬಸ್ಸು ಬಂದಾಗೆಲ್ಲ ಹೊರಗೆ ನಿಂತು ಗಂಟಲು ಹರಿಯುವಂತೆ ಕೂಗಿದಳು. ನಾಚಿಕೆಯಿರುವವನಿಗೆ ಬೈಗುಳ ತಾಗುತ್ತದೆ. ಇವರು ತಿರುಗಿ ಸಹ ನೋಡದೆ, "ಆಯ್ತಕ್ಕ, ಮುಗೀತು, ಮುಗೀತು," ಎಂದು ಸಮಾಧಾನ ಮಾಡುತ್ತಿದ್ದರು. ಇವಳೇನೋ ಸರದಿಗೆ ಕಾಯುತ್ತಿದ್ದಾಳೆ ಅನ್ನುವಂತೆ.

ನಂತರ ಫಿನಾಯಿಲ್ ತಂದಳು. ದಿನಾ ಬೆಳಿಗ್ಗೆ ಬಕೆಟ್ಟಿಗೆ ಸುರಿದು ಗೋಡೆಯ ಬುಡವನ್ನೆಲ್ಲ ತೊಳೆದಳು. ಮೊದಲೆರಡು ದಿನ ಅತ್ತೆ ಚೆನ್ನಾಗಿ ನಿದ್ದೆ ಮಾಡಿದಳು. ಆಮೇಲೆ ನೋಡಿದರೆ ಜನ ಹೆಚ್ಚಾಗಿದ್ದಾರೆ! ಈ ಊರಿನ ಮುಖವನ್ನೇ ಕಾಣದ ಪರಸ್ಥಳದವರು ಬಸ್ಸಿನಿಂದ ಇಳಿದವರೇ ಮೂಗರಳಿಸಿ ನೆಟ್ಟಗೆ ಗೋಡೆಯ ಹತ್ತಿರ ನಡೆಯುತ್ತಿದ್ದರು. ಯಾಕೆಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಫಿನಾಯಿಲ್ ವಾಸನೆ ಬಂದ ಕಡೆ ಶೌಚಾಲಯ ಇರುತ್ತದೆ ಅನ್ನುವುದು ಎಲ್ಲ ಗಂಡಸರಿಗೂ ಗೊತ್ತು. ಅವಳು ದಿನಾ ಬೆಳಿಗ್ಗೆ ಎದ್ದು ದುಡ್ಡು ಸುರಿದು ಅವರನ್ನು ಕೈ ಬೀಸಿ ಕರೆಯುತ್ತಿದ್ದಳು.

ಅದನ್ನು ಬಿಟ್ಟು ಹಳೆಯ ತಗಡು ತಂದು ಗೋಡೆಗೆ ಅಡ್ಡ ನಿಲ್ಲಿಸಿದಳು. ಗೋಡೆ ಕಾಣದಿದ್ದರೆ ಬರುವುದಿಲ್ಲ ಎಂದು ಅವಳ ಲೆಕ್ಕ. ತಗಡಿಗೂ ಗೋಡೆಗೂ ನಡುವೆ ಒಬ್ಬ ನಿಲ್ಲುವಷ್ಟು ಜಾಗ ಉಳಿದಿತ್ತು. ಇದುವರೆಗೆ ಮಾನಕ್ಕೆ ಅಂಜಿ ಬಾರದಿದ್ದ ಮರ್ಯಾದಸ್ಥರೂ ಈಗ ಮರೆ ಸಿಕ್ಕಿತೆಂದು ಬರತೊಡಗಿದರು. ಬೇಕರಿಯವನು ಅಂಗಡಿಯ ಏಪ್ರನ್ ಬಿಚ್ಚದೆಯೇ ಬಂದ. ಅವನು ಮರಳಿ ಹೋಗಿ ಅದೇ ಕೈಯಲ್ಲಿ ಬ್ರೆಡ್ಡು ಕತ್ತರಿಸುವುದನ್ನು ಕಂಡ ಹೊಲಿಗೆಯಕ್ಕ ಅಂದಿನಿಂದ ಬ್ರೆಡ್ಡು ಕೊಳ್ಳುವುದನ್ನೇ ಬಿಟ್ಟಳು.

ಕೊನೆಗೆ, ನಿಂತ ಕೊಚ್ಚೆಯಾದರೂ ಹರಿದುಹೋಗಲಿ ಎಂದು ಅವಳೇ ಗುದ್ದಲಿ ಹಿಡಿದು ಬುಡದಲ್ಲಿ ಸಣ್ಣ ಚರಂಡಿ ತೋಡಿ ಜಲ್ಲಿ ಹಾಕಿದಳು. ಈಗ ಕಾಲು ನೆನೆಯುವ ಭಯವೂ ಇಲ್ಲ. ಪಂಚರ್ ಅಂಗಡಿಯವನು ಎದುರಿಗೆ ಸಿಕ್ಕಾಗ, "ಬಹಳ ಅನುಕೂಲ ಆಯ್ತಕ್ಕ, ಊರಲ್ಲಿ ಇನ್ಯಾರಿಗೂ ಈ ಬುದ್ಧಿ ಬರ್ಲಿಲ್ಲ ನೋಡಿ," ಎಂದ. ವ್ಯಂಗ್ಯವಲ್ಲ. ಪಾಪ, ಮನಸಾರೆ ಹೇಳಿದ್ದ. ಹೊಲಿಗೆಯಕ್ಕ ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅತ್ತದ್ದು ದುಃಖಕ್ಕಲ್ಲ, ಅಸಹ್ಯಕ್ಕೆ.

ಗೋಡೆಯೂ ಸೋಲುತ್ತಿತ್ತು. ಕೆಳಗಿನಿಂದ ತೇವ ಏರಿ ಹಳದಿ ಗೆರೆ ಮಂಚದ ಎತ್ತರ ಮುಟ್ಟಿತ್ತು. ಸುಣ್ಣ ಉಬ್ಬಿ ಹಕ್ಕಳೆ ಹಕ್ಕಳೆಯಾಗಿ ಅತ್ತೆಯ ದಿಂಬಿನ ಮೇಲೆ ಉದುರುತ್ತಿತ್ತು. ಒಂದು ಬೆಳಿಗ್ಗೆ ಅತ್ತೆಯ ಕೂದಲಿನಿಂದ ಅದನ್ನು ಹೆಕ್ಕಿ ತೆಗೆಯುತ್ತಿದ್ದಾಗ ಹೊಲಿಗೆಯಕ್ಕನ ಬೆರಳಿಗೂ ಆ ವಾಸನೆ ಅಂಟಿತು. ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ಅಲ್ಲಿಯೇ ಇಟ್ಟು, ಸೋಪು ಹಾಕಿ ಕೈ ತೊಳೆದು, ನೇರವಾಗಿ ಅಧ್ಯಕ್ಷನ ಅಂಗಡಿಗೆ ಹೋದಳು.

ಅಧ್ಯಕ್ಷ ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆಗೆ ಘಮ್ಮೆನ್ನುವ ಎಣ್ಣೆ ಹಾಕಿ ಬಾಚುವವನು. ಅವನು ಬರುವ ಮೊದಲೇ ಅವನ ಎಣ್ಣೆ ಬರುತ್ತದೆ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಅವನೂ ಸೂಲಗಿತ್ತಿಯ ಕೈಗೆ ಬಿದ್ದವನೇ. ಹೊಲಿಗೆಯಕ್ಕ ಎಲ್ಲವನ್ನೂ ಹೇಳಿದಳು. ಎರಡು ಗೋಡೆ, ಒಂದು ಗುಂಡಿ, ಒಂದು ನಲ್ಲಿ, ಅಷ್ಟಾದರೂ ಕಟ್ಟಿಸಿ ಎಂದಳು. ಅವನು ಕಣ್ಣು ಮುಚ್ಚಿ ಕೇಳಿ, ಬಹಳ ಮರುಕದಿಂದ ಚ್ಚು ಚ್ಚು ಎಂದ.

"ಅಜ್ಜಿ ಅಂದ್ರೆ ನಮ್ಮೆಲ್ಲರ ತಾಯಿ ಇದ್ದಂಗೆ. ಅವರಿಗೆ ತೊಂದ್ರೆ ಆಗೋದಕ್ಕೆ ಬಿಡ್ತೀವಾ? ಈ ವಾರವೇ ಏನಾದ್ರೂ ಮಾಡಿಸ್ತೀನಿ, ನೋಡ್ತಾ ಇರಿ."

ಅವಳು ನೋಡುತ್ತಾ ಇದ್ದಳು. ಆ ವಾರವೇ ಒಬ್ಬ ಪೇಂಟರು ಏಣಿ, ಡಬ್ಬಿಗಳ ಸಮೇತ ಬಂದ. ಇವಳು ಸಂತೋಷದಿಂದ ಅವನಿಗೆ ಚಹಾ ಮಾಡಿ ಕೊಟ್ಟಳು. 'ಇಲ್ಲಿ ಮಾಡಬಾರದು' ಎಂದು ಬರೆಯುತ್ತಾನೆ ಎಂದುಕೊಂಡಳು. ಅವನು ಚಹಾ ಕುಡಿದು, ಬಾಯಿ ಒರೆಸಿಕೊಂಡು, ರಸ್ತೆಗೆ ಕಾಣುವ ಹಾಗೆ ಗೋಡೆಯ ಮೂಲೆಯಲ್ಲಿ ದೊಡ್ಡದೊಂದು ನೀಲಿ ಬಾಣ ಬರೆದ. ಬಾಣದ ಮೇಲೆ 'ಪುರುಷರಿಗೆ' ಎಂದು ಬರೆದ. ಕೆಳಗೆ ಸಣ್ಣದಾಗಿ, 'ಗ್ರಾಮ ಸಮಿತಿ'. ಊರಿಗೆ ಶೌಚಾಲಯ ಆಯಿತು. ಸಮಿತಿಯ ಖರ್ಚು ಒಂದು ಡಬ್ಬಿ ನೀಲಿ ಬಣ್ಣ, ಬಾಕಿಯದೆಲ್ಲ ಹೊಲಿಗೆಯಕ್ಕನದು.

ಇಷ್ಟು ಹೊತ್ತು ಅವಳ ಗಂಡ ಎಲ್ಲಿದ್ದ ಎಂದು ಯಾರಾದರೂ ಕೇಳಬಹುದು. ಅವನು ಅಲ್ಲಿಯೇ ಇದ್ದ, ಕೂಡುರಸ್ತೆಯ ನಟ್ಟನಡುವೆ. ಬಂದ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೂಗುವುದು, ಜನರನ್ನು ಹತ್ತಿಸುವುದು, ಡ್ರೈವರುಗಳಿಂದ ಒಂದಿಷ್ಟು ಕೈಗಾಸು ತೆಗೆದುಕೊಳ್ಳುವುದು, ಇದು ಅವನ ಕಸುಬು. ದೊಡ್ಡ ಗಂಟಲು. ಅವನು ಕೂಗಿದರೆ ಹೊಳೆಯ ಆಚೆ ದಡದಲ್ಲಿ ನಿಂತವರೂ ಗಂಟು ಎತ್ತಿಕೊಳ್ಳುತ್ತಿದ್ದರು. ಊರೆಲ್ಲ ಅವನನ್ನು ಕಹಳೆ ಎಂದು ಕರೆಯುತ್ತಿತ್ತು. ಮನೆಯೊಳಗೆ ಬಂದರೆ ಮಾತ್ರ ಕಹಳೆಗೆ ಯಾರೋ ಬಟ್ಟೆ ತುರುಕಿದಂತೆ. ಗೋಡೆಯ ವಿಷಯ ಎತ್ತಿದರೆ, "ನಾನೂ ಹೇಳ್ತಾನೇ ಇದೀನಿ, ಯಾರು ಕೇಳ್ತಾರೆ?" ಎಂದು ತಟ್ಟೆಯ ಕಡೆ ನೋಡುತ್ತಿದ್ದ. ಅವನು ಹೇಳುತ್ತಲೇ ಇದ್ದಾನೆ ಎಂದು ಅವಳೂ ನಂಬಿದ್ದಳು.

ಬಾಣ ಬರೆದ ಮರುದಿನ, ಹೆಂಗಸೊಬ್ಬಳ ಭುಜದ ಅಳತೆ ತೆಗೆಯುತ್ತಾ ಹೊಲಿಗೆಯಕ್ಕ ಕಿಟಕಿಯಿಂದ ಹೊರಗೆ ನೋಡಿದಳು. ಕ್ವಾರಿಯ ಬಸ್ಸು ಬಂದು ನಿಂತಿತು. ಡ್ರೈವರು ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡ. ಕಹಳೆ ಅವನ ಹೆಗಲ ಮೇಲೆ ಕೈಹಾಕಿ, ಬಾಯ್ತುಂಬ ನಕ್ಕು, ಇನ್ನೊಂದು ಕೈಯನ್ನು ಪೂರ್ತಿ ಚಾಚಿ ತೋರಿಸಿದ. ತೋರಿಸಿದ್ದು ತನ್ನ ಮನೆಯನ್ನು. ನಂತರ ಬಸ್ಸಿನ ಕಡೆ ತಿರುಗಿ, ಊರಿಗೆಲ್ಲ ಕೇಳುವ ಆ ಗಂಟಲಿನಲ್ಲಿ ಕೂಗಿದ.

"ಇಳೀರಿ, ಇಳೀರಿ! ಗಂಡಸರು ಗೋಡೆ ಹಿಂದೆ! ಬಾಣ ಇದೆ ನೋಡಿ, ಬಾಣ! ಅವಸರ ಇಲ್ಲ, ಬಸ್ಸು ನಿಲ್ಲುತ್ತೆ!"

ಹೊಲಿಗೆಯಕ್ಕನ ಕೈಯಿಂದ ಅಳತೆ ಪಟ್ಟಿ ಜಾರಿತು. ಎದುರಿಗಿದ್ದ ಹೆಂಗಸು, "ಏನಾಯ್ತಕ್ಕ?" ಎಂದಳು. ಏನೂ ಇಲ್ಲ ಎಂದು ಬಗ್ಗಿ ಎತ್ತಿಕೊಂಡು ಅಳತೆ ಮುಗಿಸಿದಳು. ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಆ ರವಿಕೆಯ ಒಂದು ತೋಳು ಕಡೆಗೆ ಗಿಡ್ಡವಾಯಿತು.

ಸಂಜೆ ಕಹಳೆ ಊಟಕ್ಕೆ ಕೂತಾಗ ಅವಳು ತಟ್ಟೆ ಇಡಲಿಲ್ಲ.

"ನೀನೇ ಕಳಿಸ್ತಿದೀಯಾ?"

ಅವನು ಮೊದಲು ಏನು ಎತ್ತ ಎಂದು ತಡವರಿಸಿದ. ನಂತರ ಕಂಡುಬಿಟ್ಟಿದ್ದಾಳೆ ಎಂದು ತಿಳಿದು ಧ್ವನಿ ತಗ್ಗಿಸಿದ.

"ನೋಡು, ಸ್ವಲ್ಪ ತಲೆ ಉಪಯೋಗಿಸಿ ಕೇಳು. ಮುಂದಿನ ಊರಲ್ಲಿ ಪಕ್ಕಾ ಶೌಚಾಲಯ ಕಟ್ಟಿದಾರೆ. ಡ್ರೈವರೆಲ್ಲ ಇಲ್ಲಿ ನಿಲ್ಸೋದೇ ಬಿಡೋರಿದ್ರು. ಬಸ್ಸು ನಿಲ್ಲದಿದ್ರೆ ನಾನು ಯಾರಿಗೆ ಕೂಗ್ಲಿ? ಚಹಾದವನು, ಬೇಕರಿಯವನು, ಎಲ್ಲಾ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಹ್ಯಾಗಿದ್ರೂ ಗೋಡೆ ಇದೆ..."

"ಗೋಡೆ ಹಿಂದೆ ನಿನ್ನ ತಾಯಿ ಇದಾರೆ."

"ಅವರಿಗೆ ಈಗ ಅಷ್ಟೆಲ್ಲ ತಿಳಿಯುತ್ತಾ? ವಯಸ್ಸಾಯ್ತು."

ಹೊಲಿಗೆಯಕ್ಕ ಅವನ ಮುಖ ನೋಡಿದಳು. ಇಷ್ಟು ವರ್ಷ ಒಂದೇ ಲೋಟದ ನೀರು ಕುಡಿದು ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ. ಆ ಹೊತ್ತಿಗೆ ಅವನ ಗಲ್ಲದ ಮೇಲೆ ಅಂಟಿದ್ದ ಬ್ರೆಡ್ಡಿನ ಚೂರನ್ನು ಕಂಡೇ ಅವಳಿಗೆ ವಾಕರಿಕೆ ಬಂತು. ಬೇಕರಿಯವನು ಪುಕ್ಕಟೆ ಕೊಟ್ಟದ್ದಿರಬೇಕು. ಗೋಡೆಯ ಆಚೆಯ ನಾತಕ್ಕೆ ಫಿನಾಯಿಲ್ ಆದರೂ ಇತ್ತು, ಇದಕ್ಕೆ ಏನು ಸುರಿಯುವುದು ಎಂದು ಅವಳಿಗೆ ಹೊಳೆಯಲಿಲ್ಲ.

ಒಳಗಿನಿಂದ ಅತ್ತೆ ಕರೆದಳು. ಮಂಚದ ಹತ್ತಿರ ಹೋದಾಗಲೇ ಗೊತ್ತಾಯಿತು, ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಇವತ್ತಿನದನ್ನು ಮಾತ್ರವಲ್ಲ.

"ಅವನ ಗಂಟಲು ನಂಗೆ ಗೊತ್ತಾಗಲ್ವಾ? ಹುಟ್ಟಿದಾಗ್ಲೇ ಊರಿಗೆ ಕೇಳೋಹಂಗೆ ಅತ್ತಿದ್ದ. ದಿನಾ ಕೇಳಿಸ್ಕೋತಾ ಇದೀನಿ. ನಿಂಗೆ ನೋವಾಗುತ್ತೆ ಅಂತ ಹೇಳಲಿಲ್ಲ."

ಹೊಲಿಗೆಯಕ್ಕ ಅವಳ ಕೈ ಹಿಡಿದುಕೊಂಡಳು. ಅತ್ತೆ ಮಾತು ಮುಂದುವರಿಸಿದಳು.

"ನೀನು ಗೋಡೆ ತೊಳೆದೆ, ಮುಚ್ಚಿದೆ, ಚರಂಡಿ ಮಾಡ್ದೆ. ಗೋಡೆ ಇರೋದಕ್ಕೆ ತಾನೆ ಬರ್ತಾರೆ? ಒಡೆದುಹಾಕು."

"ಅತ್ತೆ, ನೀವು ಬಯಲಿಗೆ ಬಿದ್ದಂಗೆ ಆಗುತ್ತೆ. ಎಲ್ರೂ ನೋಡ್ತಾರೆ."

"ನೋಡ್ಲಿ. ಅವರನ್ನೆಲ್ಲ ನಾನೂ ನೋಡಿದೀನಿ."

ಮನೆಯ ಭಾರವೆಲ್ಲ ಮೂಲೆಯ ಕಂಬಗಳ ಮೇಲಿತ್ತು. ಗೋಡೆ ಬರೀ ನಡುವೆ ತುಂಬಿದ ಮಣ್ಣು. ಬೆಳಗಾದ ಮೇಲೆ ಗಂಡ ಹೊರಗೆ ಹೋಗುವುದನ್ನು ಕಾದು, ಹೊಲಿಗೆಯಕ್ಕ ಅತ್ತೆಗೆ ಮೈ ಒರೆಸಿ, ಒಗೆದ ಬಟ್ಟೆ ಉಡಿಸಿ, ತಲೆ ಬಾಚಿ, ಎರಡು ದಿಂಬು ಕೊಟ್ಟು ಒರಗಿಸಿ ಕೂರಿಸಿದಳು. ಮಂಚವನ್ನು ಈಚೆಗೆ ಎಳೆದಳು. ಧೂಳು ತಾಗದಂತೆ ಅವಳ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ, ಹಾರೆ ಎತ್ತಿಕೊಂಡಳು. ಒಳಗಿನಿಂದ ಒಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಊರಿನ ಗಂಡಸರು ಸೇರಿ ಎಷ್ಟೋ ವರ್ಷದಿಂದ ಅದನ್ನು ಮೆತ್ತಗೆ ಮಾಡಿಟ್ಟಿದ್ದರು. ನಾಲ್ಕು ಏಟು ಬೀಳುವುದರೊಳಗೆ ಹೆಂಟೆ ಹೆಂಟೆಯಾಗಿ ಕಳಚಿತು. ಮಧ್ಯಾಹ್ನದ ಬಸ್ಸಿನ ಹಾರ್ನ್ ಹೊಳೆಯ ತಿರುವಿನಲ್ಲಿ ಕೇಳಿದಾಗ ಕೊನೆಯ ದೊಡ್ಡ ತುಂಡು ತಗಡಿನ ಮೇಲೆ ಬಿತ್ತು. ತಗಡೂ ಮಲಗಿತು. ಅತ್ತೆಯ ಮುಖದ ಬಟ್ಟೆ ತೆಗೆದು ಹೊಲಿಗೆಯಕ್ಕ ಪಕ್ಕಕ್ಕೆ ನಿಂತಳು. ಮೂಲೆಯ ಕಂಬದ ಹತ್ತಿರ ಉಳಿದ ಸ್ವಲ್ಪ ಗೋಡೆಯ ಮೇಲೆ ನೀಲಿ ಬಾಣ ಹಾಗೇ ಇತ್ತು. ಈಗ ಅದು ನೆಟ್ಟಗೆ ಮುದುಕಿಯ ಮಂಚವನ್ನು ತೋರಿಸುತ್ತಿತ್ತು.

ಹೊರಗೆ ಕಹಳೆ ಎಂದಿನಂತೆ ಕೂಗಿದ, ಬಾಣ ಇದೆ ನೋಡಿ, ಬಾಣ. ಬಸ್ಸಿನ ಮರೆಯಲ್ಲಿ ಅವನಿಗೆ ಇನ್ನೂ ಏನೂ ಕಂಡಿರಲಿಲ್ಲ.

ಜನ ಬಂದರು. ಅಭ್ಯಾಸದ ಕಾಲು ತಲೆಯನ್ನು ಕೇಳುವುದಿಲ್ಲ. ಮುಂದಿನವರು ಬೆಲ್ಟಿಗೆ ಕೈಹಾಕಿಕೊಂಡೇ ಮೂಲೆ ತಿರುಗಿದರು. ಹಿಂದಿನವರು ಅವರನ್ನು ತಳ್ಳಿಕೊಂಡು ಬಂದರು. ಎದುರಿಗೆ ಗೋಡೆಯಿಲ್ಲ. ಒಂದು ಅಚ್ಚುಕಟ್ಟಾದ ಕೋಣೆ, ಗೂಟಕ್ಕೆ ನೇತುಹಾಕಿದ ಟವೆಲ್ಲು, ಔಷಧಿಯ ಸೀಸೆಗಳು. ಮಂಚದ ಮೇಲೆ ಬೆಳ್ಳಗಿನ ತಲೆ ಬಾಚಿಕೊಂಡು ಕೂತ ಮುದುಕಿ, ಬಂದವರ ಕಡೆಗೇ ಮುಖ ಮಾಡಿದ್ದಾಳೆ. ಯಾರ ಕೈಯೂ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಸದ್ದಿಗೆ ಅಂಗಡಿಗಳಿಂದ ಓಡಿ ಬಂದ ಊರಿನವರೂ ಹಿಂದೆ ಸೇರಿದರು. ಅಧ್ಯಕ್ಷ ಅವರನ್ನು ಸರಿಸಿಕೊಂಡು ಮುಂದೆ ಬಂದ.

"ಇದೇನಿದು? ಸಮಿತಿಯ ಗೋಡೆ ಒಡೆಯೋದಕ್ಕೆ ಯಾರು ಹೇಳಿದ್ದು?"

ಅತ್ತೆ ಉಸಿರೆಳೆದುಕೊಂಡು ತಲೆಯನ್ನು ಆ ಕಡೆ ಹೊರಳಿಸಿದಳು.

"ಎಣ್ಣೆ ವಾಸನೆ. ಅಧ್ಯಕ್ಷನಾ? ಮುಂದೆ ಬಾರಪ್ಪ. ಯಾಕೆ ನಿಂತೆ? ಬಂದ ಕೆಲಸ ಮುಗಿಸು. ನನ್ನ ಮುಂದೆ ಏನು ನಾಚಿಕೆ? ನೀನು ಹುಟ್ಟಿದ ತಕ್ಷಣ ಮೊದಲು ಮಾಡಿದ್ದೇ ನನ್ನ ಮೈಮೇಲೆ ಉಚ್ಚೆ ಹೊಯ್ದಿದ್ದು. ಅವತ್ತು ನಿಮ್ಮಮ್ಮ, ತಪ್ಪಾಯ್ತು ಅಂತ ನನ್ನ ಬಟ್ಟೆ ಒಗೆದು ಕೊಟ್ಟಿದ್ಲು. ಇವತ್ತು ಯಾರು ಒಗೀತಾರೆ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಅತ್ತೆ ಅತ್ತ ತಿರುಗಿದಳು.

"ನಗೋನು ಯಾರು? ಬ್ರೆಡ್ಡಿನ ವಾಸನೆ ಬರ್ತಿದೆ. ನೀನೂ ಬಾ. ಕಾಲು ಮುಂದೆ ಮಾಡ್ಕೊಂಡು ಹುಟ್ಟಿದೋನು ನೀನು. ಒಂದು ಹಗಲು ಒಂದು ರಾತ್ರಿ ನಿಮ್ಮಮ್ಮನ ಹತ್ರ ಕೂತಿದ್ದೆ ನಾನು, ನೀನು ಉಸಿರಾಡ್ಲಿ ಅಂತ. ಈಗ ನಾನು ಉಸಿರಾಡೋದು ಬೇಡ್ವಾ?"

ನಗು ನಿಂತಿತು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಪರಸ್ಥಳದವರು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಬಸ್ಸು ಹತ್ತಿ ಕೂತರು. ಅಧ್ಯಕ್ಷನ ಮುಖ ಇಂಗು ತಿಂದ ಮಂಗನಂತಾಗಿತ್ತು. ಏನೋ ಗೊಣಗಿಕೊಂಡು ಹೋದ. ಕೊನೆಯಲ್ಲಿ ಉಳಿದವನು ಕಹಳೆ ಒಬ್ಬನೇ. ಅವನ ಬಾಯಿ ತೆರೆದಿತ್ತು, ಅದರಿಂದ ಏನೂ ಹೊರಡುತ್ತಿರಲಿಲ್ಲ.

ಇಲ್ಲಿಗೆ ಎಲ್ಲವೂ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಗೋಡೆ ಹೋದದ್ದೇ ನಾತ ಇಮ್ಮಡಿಯಾಗಿ ಒಳಗೆ ನುಗ್ಗಿತು. ವರ್ಷಗಟ್ಟಲೆ ಕುಡಿದು ಕಪ್ಪಾದ ನೆಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಕೆಮ್ಮತೊಡಗಿದಳು. ಹೊಲಿಗೆಯಕ್ಕ ಗುದ್ದಲಿ ತಂದು ಗಂಡನ ಮುಂದೆ ಎಸೆದಳು.

"ಅಗಿ. ಒಳ್ಳೆ ಮಣ್ಣು ಸಿಗೋವರೆಗೂ ಅಗಿ. ಎಲ್ಲಾ ಹೊತ್ತು ಕ್ವಾರಿ ಗುಂಡಿಗೆ ಹಾಕು. ಆಮೇಲೆ ಹೊಲದ ದಾರಿಯಿಂದ ಹೊಸ ಮಣ್ಣು ತಂದು ತುಂಬು. ಅಲ್ಲೀವರೆಗೂ ಈ ಮನೇಲಿ ನಿಂಗೆ ಊಟ ಇಲ್ಲ."

ಅವನು ಅಗೆದ. ಬಸ್ಸುಗಳು ಬಂದವು, ಹೋದವು. ಎಲ್ಲಿಗೆ ಹೋಗುತ್ತವೆ ಎಂದು ಕೂಗುವವರಿಲ್ಲದೆ ಜನ ಒಂದು ಬಸ್ಸಿನಿಂದ ಇನ್ನೊಂದಕ್ಕೆ ಓಡಾಡಿದರು. ಅವನು ಮೊಣಕಾಲುದ್ದ ಗುಂಡಿಯಲ್ಲಿ ನಿಂತು ಆ ಕಪ್ಪು ಮಣ್ಣನ್ನು ಬಾಣಲಿಗೆ ತುಂಬುತ್ತಿದ್ದ. ಆಗಾಗ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಹೊಲಿಗೆಯಕ್ಕ ನೋಡಿದಳು, ಅಯ್ಯೋ ಅನಿಸಲಿಲ್ಲ. ಅನಿಸಬೇಕಿತ್ತೇನೋ ಎಂದು ಒಂದು ಗಳಿಗೆ ಯೋಚಿಸಿ, ಹೊಲಿಯಲು ಕೂತಳು. ಕೋಣೆಯ ಅಗಲಕ್ಕೂ ಬರುವಂಥ ಬಿಳಿಯ ಪರದೆ ಹೊಲಿದು ಗೋಡೆಯಿದ್ದ ಜಾಗಕ್ಕೆ ಕಟ್ಟಿದಳು. ಬೇಕೆಂದಾಗ ಸರಿಸಬಹುದು, ಬೇಡವೆಂದಾಗ ಮುಚ್ಚಬಹುದು. ಗಾಳಿಗೆ ಅದು ಸದಾ ಅಲ್ಲಾಡುತ್ತಿತ್ತು. ಯಾವಾಗ ಸರಿದು ಹಿಂದಿನಿಂದ ಮುದುಕಿ ಹೆಸರು ಹಿಡಿದು ಮಾತಾಡಿಸುತ್ತಾಳೋ ಎಂಬ ಭಯಕ್ಕೆ ಆ ಕಡೆ ಯಾರೂ ಸುಳಿಯಲಿಲ್ಲ.

ಹಾಗೆಂದು ಚಹಾ ಕುಡಿಯುವುದನ್ನು ಯಾರೂ ಬಿಟ್ಟಿರಲಿಲ್ಲ. ಅವರು ಈಗ ಗ್ರಾಮ ಸಮಿತಿಯ ಕಚೇರಿಯ ಗೋಡೆಗೆ ಹೋಗುತ್ತಿದ್ದರು. ಅಧ್ಯಕ್ಷ ದಿನಾ ಬೆಳಿಗ್ಗೆ ಫಿನಾಯಿಲ್ ಹಾಕಿಸುತ್ತಿದ್ದಾನೆ ಎಂದು ಪಂಚರ್ ಅಂಗಡಿಯವನು ಬಂದು ಹೇಳಿದ. ಜನ ಜಾಸ್ತಿಯಾಗಿದ್ದಾರಂತೆ. ಶೌಚಾಲಯ ಕಟ್ಟಿಸುವ ಮಾತು ಮೊದಲ ಸಲ ಸಮಿತಿಯಲ್ಲಿ ಬಂತಂತೆ. ಹೊಲಿಗೆಯಕ್ಕ ನಗಲೂ ಇಲ್ಲ, ಅಳಲೂ ಇಲ್ಲ, ದಾರವನ್ನು ಹಲ್ಲಿನಿಂದ ಕಡಿದಳು.

ಕಹಳೆ ಹೊಸ ಮಣ್ಣು ತುಂಬಿ ಮುಗಿಸಿದ ಮಧ್ಯಾಹ್ನ ಅತ್ತೆ ಪರದೆ ಸರಿಸಲು ಹೇಳಿದಳು. ಮಾತು ಆಗಲೇ ಕ್ಷೀಣವಾಗಿತ್ತು. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೊಯ್ದ ಹುಲ್ಲು, ಬಿಸಿಲು ತಾಗಿದ ಮಣ್ಣು, ಎಲ್ಲೋ ದೂರದ ಒಲೆಯ ಸೌದೆ. ಅತ್ತೆ ಒಂದೊಂದನ್ನೂ ಬಿಡಿಬಿಡಿಯಾಗಿ ಹುಡುಕುವಂತೆ ಉಸಿರೆಳೆದಳು. ಸೊಸೆಯ ಕೈಯನ್ನು ಮೂಗಿನ ಹತ್ತಿರ ತೆಗೆದುಕೊಂಡು ಮೂಸಿ, ಕೆನ್ನೆಯ ಕೆಳಗೆ ಇಟ್ಟುಕೊಂಡಳು. ನಂತರ ಕಣ್ಣು ಬಾಗಿಲ ಕಡೆ ಹೋಯಿತು.

"ಅವನನ್ನ ಕರಿ."

ಕಹಳೆ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಮಂಚದ ಪಕ್ಕ ಮಂಡಿಯೂರಿ, ತಾಯಿಯ ಕೈ ಹಿಡಿಯಲು ತನ್ನ ಕೈ ಚಾಚಿದ. ಅವನ ಕಣ್ಣು ತುಂಬಿ ಬಂದಿತ್ತು. ಅತ್ತೆ ಅವನ ಕೈಯನ್ನು ಮುಖದ ಹತ್ತಿರ ತಂದುಕೊಂಡು ಮೂಸಿದಳು, ಬಿಟ್ಟಳು.

"ತೊಳ್ಕೊಂಡು ಬಾ."

ಅವನು ಎದ್ದು ಮನೆಯ ಇನ್ನೊಂದು ಬದಿಯ ಹಿತ್ತಲಿಗೆ ಹೋಗಿ, ಸೋಪು ಹಾಕಿ ತೊಳೆದು ಬಂದ. ಅವಳು ಮತ್ತೆ ಮೂಸಿದಳು.

"ಇನ್ನೊಂದ್ಸಲ."

ಅವನು ಮತ್ತೆ ಹೋದ. ಈ ಸಲ ಮೊಣಕೈವರೆಗೆ ತಿಕ್ಕಿದ. ತೆಂಗಿನ ನಾರು ಹಾಕಿ ಉಜ್ಜಿ ಕೆಂಪಗೆ ಮಾಡಿಕೊಂಡು, ಒದ್ದೆ ಕೈ ಮುಂದೆ ಹಿಡಿದುಕೊಂಡೇ ಬಂದ. ಅವಳಿಗೆ ಈಗ ತಲೆ ಎತ್ತಲು ಆಗಲಿಲ್ಲ. ಅವನೇ ಕೈಯನ್ನು ಮೂಗಿನ ಹತ್ತಿರ ತಂದ. ಅವಳು ಬಹಳ ಹೊತ್ತು ಮೂಸಿದಳು. ಅವನ ಕೈಯಲ್ಲಿ ನಿಜವಾಗಿಯೂ ವಾಸನೆ ಉಳಿದಿತ್ತೋ ಇಲ್ಲವೋ ಹೊಲಿಗೆಯಕ್ಕನಿಗೆ ತಿಳಿಯಲಿಲ್ಲ. ಸೊಸೆಯ ಮೂಗಿಗೆ ಸೋಪು ಬಿಟ್ಟು ಬೇರೇನೂ ಬರಲಿಲ್ಲ. ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಹೆರಿಗೆಯ ಕೋಣೆಯಲ್ಲಿ ಇರುತ್ತಿದ್ದ ಅದೇ ಕಟ್ಟುನಿಟ್ಟು ಇತ್ತು.

"ಇನ್ನೊಂದ್ಸಲ, ಮಗಾ."

ಅವನು ಎದ್ದು ಓಡಿದ. ಹಿತ್ತಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಸೋಪಿನ ಪೆಟ್ಟಿಗೆ ಕಲ್ಲಿಗೆ ತಾಗಿದ ಸದ್ದು, ಉಜ್ಜುವ ಸದ್ದು. ಪರದೆ ಗಾಳಿಗೆ ಒಳಗೆ ಬಂದು ಮಂಚದ ಕಾಲನ್ನು ಮುಟ್ಟಿ ಹೊರಗೆ ಹೋಯಿತು. ಅತ್ತೆ ಆ ಗಾಳಿಯನ್ನು ಎಳೆದುಕೊಂಡಳು. ಹೊಲಿಗೆಯಕ್ಕ ಆ ಉಸಿರು ಹೊರಗೆ ಬರಲೆಂದು ಕಾದಳು. ಅದು ಬಂತು, ಮೆಲ್ಲಗೆ, ಪೂರ್ತಿಯಾಗಿ. ಮತ್ತೆ ಒಳಗೆ ಹೋಗಲಿಲ್ಲ.

ಕೆನ್ನೆಯ ಕೆಳಗಿದ್ದ ತನ್ನ ಕೈಯನ್ನು ಅವಳು ಹಾಗೇ ಇರಲು ಬಿಟ್ಟಳು. ಕೂಗಿದರೆ ಹಿತ್ತಲಿಗೆ ಕೇಳಿಸುತ್ತಿತ್ತು. ಅವಳು ಕೂಗಲಿಲ್ಲ. ನಲ್ಲಿಯ ನೀರು ಇನ್ನೂ ಬೀಳುತ್ತಿತ್ತು, ಅವನು ಇನ್ನೂ ಉಜ್ಜುತ್ತಿದ್ದ.